ಅನುಭವದ ಕಾಲಮ್ಮಿಗೆ ಶಿವಗಂಗವ್ವ ಬರೆದದ್ದು

ಶಿವಗಂಗವ್ವನ ಮುತ್ಯಾ, ಅಂದರೆ ಅಜ್ಜ, ಲಗಮಪ್ಪ, ಬನಹಟ್ಟಿಯಲ್ಲಿ ನೂಲು ಸಿಗದ ಒಂದು ವರ್ಷ ಸೊಲ್ಲಾಪುರಕ್ಕೆ ನಡೆದುಹೋಗಿ, ಹೆಗಲ ಮೇಲೆ ನೂಲಿನ ಗಂಟು ಹೊತ್ತು ತಂದು, ಓಣಿಯ ಹನ್ನೊಂದು ಮಗ್ಗಗಳಿಗೆ ಹಂಚಿದವನು. ಅವನ ಹೆಂಡತಿ, ಆಯಿ ಭಾಗವ್ವ, ಬಣ್ಣದ ಕೊಪ್ಪರಿಗೆಯ ಮುಂದೆ ಕೂತು ಕೂತು ಮೊಣಕೈ ತನಕ ನೀಲಿಯಾದವಳು. ಸೀರೆಯ ಬಣ್ಣ ಬಿಡುತ್ತದೆ ಎಂದ ವ್ಯಾಪಾರಿಯ ಅಂಗಡಿಯ ಮುಂದೆಯೇ ಅದೇ ಸೀರೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಅವನ ಬಾಯಿ ಮುಚ್ಚಿಸಿದವಳು. ತಂದೆ ಸಾತಪ್ಪ, ಕೃಷ್ಣೆಯ ನೀರು ಏರಿ ಬಂದಾಗ ತನ್ನ ಮಗ್ಗ ಬಿಟ್ಟು ಮೊದಲು ನೆರೆಮನೆಯ ಮುದುಕಿಯ ಮಗ್ಗ ಬಿಚ್ಚಿ ಎತ್ತರಕ್ಕೆ ಸಾಗಿಸಿದ.

ಇಷ್ಟನ್ನೂ ನಾನು ಶಿವಗಂಗವ್ವನ ಕೆಲಸದ ಅರ್ಜಿಗೆಂದು ಮೂರು ಹಾಳೆ ತುಂಬ ಬರೆದುಕೊಟ್ಟೆ. ಜಮಖಂಡಿ ರಸ್ತೆಯಲ್ಲಿ ಹೊಸದಾಗಿ ಶುರುವಾದ ಮಿಲ್ಲಿನಲ್ಲಿ ನೇಯ್ದ ಬಟ್ಟೆಯ ದೋಷ ಹುಡುಕುವ ಕೆಲಸವಿತ್ತು. ರೆಸ್ಯೂಮ್ ತಂದವರನ್ನು ಮಾತ್ರ ಒಳಗೆ ಬಿಡುತ್ತಾರೆ ಎಂದು ಗೇಟಿನಲ್ಲಿ ಬೋರ್ಡು ಹಾಕಿದ್ದರು. ಆ ಕೆಲಸ ಶಿವಗಂಗವ್ವನಿಗೆ ಬೇಕೇ ಬೇಕಾಗಿತ್ತು. ರಬಕವಿಯ ಗಂಡನ ಮನೆಯಲ್ಲಿ ಅಣ್ಣತಮ್ಮಂದಿರ ಆಸ್ತಿ ಹಿಸೆಯಾಗಿ, ಎರಡೂ ಮಗ್ಗ ಭಾವ ಸೋಮಲಿಂಗನ ಪಾಲಿಗೆ ಹೋಗಿದ್ದವು. ಗಂಡ ಮಾಳು ಟೆಂಪೊ ಓಡಿಸುವವನು, ಅವನಿಗೆ ಮಗ್ಗದ ಗೊಡವೆ ಇಲ್ಲ. ಇಪ್ಪತ್ತೆರಡು ವರ್ಷ ಮಗ್ಗದ ಸಪ್ಪಳದಲ್ಲೇ ಬದುಕಿದ ಹೆಂಗಸು ಸುಮ್ಮನೆ ಗೋಡೆ ನೋಡುತ್ತ ಕೂತಿದ್ದಳು.

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಮಗ್ಗಕ್ಕೆ ಹಾಳೆ ಸಿಕ್ಕಿಸಿಕೊಂಡು ಓದಲು ಕಲಿತವನು. ನಲವತ್ತು ವರ್ಷದಿಂದ ಓಣಿಯ ಅರ್ಜಿಗಳನ್ನೆಲ್ಲ ಬರೆದವನು. ನನ್ನ ಕಾಗದ ನೋಡಿ ಇಲ್ಲ ಎಂದ ಕಚೇರಿ ಕಡಿಮೆ. ಶಿವಗಂಗವ್ವ ಮೂರೂ ಹಾಳೆ ಓದಿ ತಲೆ ಎತ್ತಿದಳು.

"ಛಲೋ ಬರದೀರಿ ಕಾಕಾ. ಇದರಾಗ ನಾ ಎಲ್ಲದೀನ್ರಿ?"

"ಕಡೀಕ ನೋಡು. ಇಂಥವರ ಮಗಳು ಅಂತ ಐತಿ."

"ಹಂಗಾರ ಕೆಲಸ ನಮ್ಮ ಮುತ್ಯಾಗ ಕೊಡ್ತಾರೇನ್ರಿ? ಅಂವಾ ಸತ್ತು ಐವತ್ತು ವರ್ಷ ಆತು."

ನನಗೆ ಸಿಟ್ಟು ಬಂತು. ಮನೆಗೆ ಹೋಗಿ ಎರಡು ಸಲ ಹಾಳೆ ಓದಿದ ಮೇಲೆ ಆ ಸಿಟ್ಟು ನನ್ನ ಮೇಲೆಯೇ ತಿರುಗಿತು. ನಮ್ಮ ಕಡೆ ಯಾರು ಎಂದು ಕೇಳಿದರೆ ಯಾರ ಮನೆಯವರು ಎಂದು ಹೇಳುವುದು ರೂಢಿ. ಆ ರೂಢಿಯಲ್ಲಿ ಮೂರು ಹಾಳೆ ಹಾಳು ಮಾಡಿದ್ದೆ.

ಮರುದಿನ ಇಬ್ಬರೂ ಮಾಂತೇಶನ ಕಂಪ್ಯೂಟರ್ ಅಂಗಡಿಗೆ ಹೋದೆವು. ಅವನ ಹತ್ತಿರ ಸಿದ್ಧ ನಮೂನೆ ಇತ್ತು. ಹೆಸರು ಬದಲಿಸಿ ಗುಂಡಿ ಒತ್ತಿದ, ಕಾಗದ ಹೊರಬಿತ್ತು. ಓದಿದರೆ ಮೈ ಉರಿಯಿತು. ಜೀವನದ ಗುರಿ, ಸವಾಲಿನ ವಾತಾವರಣದಲ್ಲಿ ಬೆಳೆಯುವುದು. ಹವ್ಯಾಸ, ಕ್ರಿಕೆಟ್ ಮತ್ತು ಸಂಗೀತ. ಅನುಭವ, ಇಲ್ಲ.

"ಇಲ್ಲ ಅಂತ ಯಾರ ಹೇಳಿದ್ರಲೇ ನಿನಗ?" ಎಂದೆ.

"ಮನ್ಯಾಗ ಮಾಡಿದ್ದಕ್ಕ ಅನುಭವ ಅನ್ನೂದಿಲ್ರಿ ಅಜ್ಜಾರ. ಮಗ್ಗದ ಮಾಲಕರ ಲೆಟರ್ ಬೇಕು. ಅದು ಬರೂತನಕ ಕ್ರಿಕೆಟ್ ಇರ್ಲಿ, ತುಂಬಿದಂಗ ಕಾಣ್ತೈತಿ."

"ನಾ ಕ್ರಿಕೆಟ್ ಆಡಿದ್ದು ನೋಡೀಯೇನೋ ಮಾಂತೇಶಾ?" ಎಂದಳು ಶಿವಗಂಗವ್ವ. "ಬೌಲಿಂಗೋ, ಬ್ಯಾಟಿಂಗೋ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ಕಾಗದ ಅಲ್ಲಿಯೇ ಬಿಟ್ಟು, ನೇರ ಸೋಮಲಿಂಗನ ಮನೆಗೆ ನಡೆದಳು. ನಾನು ಹಿಂದೆ ಹೋದೆ.

ಸೋಮಲಿಂಗ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ. ಮಗ್ಗಗಳು ಅವನ ಹೆಸರಿನಲ್ಲಿ, ನೇಕಾರರ ಗುರುತಿನ ಚೀಟಿಯೂ ಅವನ ಹೆಸರಿನಲ್ಲಿ. ಇವಳು ಇಷ್ಟು ವರ್ಷ ನಮ್ಮ ಮಗ್ಗದಲ್ಲಿ ದುಡಿದಿದ್ದಾಳೆ ಎಂದು ಎರಡು ಸಾಲು ಬರೆದು ಸಹಿ ಮಾಡು ಎಂದೆ.

"ಏನ್ ಮಾತಾಡ್ತೀರಿ ಕಾಕಾ! ಮನಿ ಸೊಸಿನ್ನ ಮಗ್ಗಕ್ಕ ಕೂಲಿ ಹಚ್ಚಿದ್ದೆ ಅಂತ ನನ್ನ ಕೈಲೆ ನಾನ ಬರಕೊಡ್ಲೇನು? ಊರಾಗ ಮಾರಿ ಹೆಂಗ ತೋರಿಸ್ಲಿ?"

"ಮತ್ತ ಆಕಿ ಏನ್ ಮಾಡಿದ್ಲೋ ಇಷ್ಟ್ ವರ್ಷ?"

"ಮನಿ ಕೆಲಸ ಮಾಡಿದ್ಲು. ಎಲ್ಲಾ ಹೆಣ್ಮಕ್ಕಳು ಮಾಡ್ತಾರ."

ಇದನ್ನು ಓದುವವರು ಸ್ವಲ್ಪ ನಿಂತು ಯೋಚನೆ ಮಾಡಿ. ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಒಂದು ಹಾಸು ಮುಗಿದರೆ ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯ ಎಳೆಗೆ ಹೊಸೆದು ಕೆಚ್ಚಬೇಕು. ಎರಡು ಸಾವಿರ ಎಳೆ. ಒಂದು ತಪ್ಪಿದರೆ ಸೀರೆಯುದ್ದಕ್ಕೂ ಗೀರು. ಅದನ್ನು ಮಾಡುತ್ತಿದ್ದವಳು ಇವಳು. ಬೆರಳ ತುದಿ ಬಿರಿದು ಉಪ್ಪು ಮುಟ್ಟಲಾಗದ ದಿನಗಳೂ ಇದ್ದವು. ಅವಳು ಕೆಚ್ಚಿದ ಸೀರೆ ಮಾರಿಯೇ ಆ ಪಡಸಾಲೆಗೆ ಫರಸಿ ಕಲ್ಲು ಕೂರಿಸಿದ್ದು. ಆ ಫರಸಿಯ ಮೇಲೆ ಕೂತು ಈ ಗಂಡಸು ಮರ್ಯಾದೆಯ ಮಾತಾಡುತ್ತಾನೆ! ದುಡಿಸಿಕೊಳ್ಳುವಾಗ ಹೋಗದ ಮಾನ, ದುಡಿದಳು ಎಂದು ಬರೆದರೆ ಹೋಗುತ್ತದಂತೆ. ಅವನೊಬ್ಬನೇ ಅಲ್ಲ, ನಮ್ಮ ಓಣಿಯ ಅರ್ಧ ಮನೆಗಳು ಹೀಗೆಯೇ. ನನ್ನ ಮನೆಯೂ ಹೀಗೆಯೇ ಇತ್ತು. ನನ್ನ ಜೋಡಿ ಮಗ್ಗದಲ್ಲಿ ದುಡಿದ ಹೆಂಡತಿ ಸತ್ತಾಗ ಮರಣದ ಕಾಗದದಲ್ಲಿ ಉದ್ಯೋಗ ಇಲ್ಲ ಎಂದು ಬರೆಸಿದವನು ನಾನೇ.

ಆ ಮಧ್ಯಾಹ್ನ ಶಿವಗಂಗವ್ವ ನನ್ನ ಕಟ್ಟೆಯ ಮೇಲೆ ಕೂತು ತಾನೇ ಬರೆದಳು. ಒಂದೇ ಪುಟ. ನನಗೆ ಅಕ್ಷರ ತಿದ್ದಲೂ ಕೊಡಲಿಲ್ಲ.

"ಏಳನೇ ಇಯತ್ತೆ ಪಾಸು. ಮಗ್ಗದ ಕೆಲಸ ಇಪ್ಪತ್ತೆರಡು ವರ್ಷ. ಎರಡು ಸಾವಿರ ಎಳೆಯ ಹಾಸನ್ನು ಒಂದು ದಿನದಲ್ಲಿ ಒಬ್ಬಳೇ ಕೆಚ್ಚುತ್ತೇನೆ. ಬಟ್ಟೆಯ ಮೇಲೆ ಅಂಗೈ ಆಡಿಸಿದರೆ ಎಳೆ ಎಲ್ಲಿ ಕಡಿದಿದೆ, ಎಲ್ಲಿ ಸಡಿಲಾಗಿದೆ ಎಂದು ಗೊತ್ತಾಗುತ್ತದೆ. ಕಂಪ್ಯೂಟರ್ ಬರುವುದಿಲ್ಲ. ಇಂಗ್ಲಿಷ್ ಅಂಕಿ ಓದುತ್ತೇನೆ. ಅನುಮಾನವಿದ್ದರೆ ಬಟ್ಟೆ ಕೊಟ್ಟು ನೋಡಿ."

ನಲವತ್ತು ವರ್ಷದಲ್ಲಿ ಇಷ್ಟು ಗಟ್ಟಿ ಅರ್ಜಿ ನಾನು ಬರೆದಿಲ್ಲ. ತಾನು ಏನು ಬಲ್ಲೆ, ಎಷ್ಟು ಬಲ್ಲೆ, ಏನು ಬರುವುದಿಲ್ಲ. ರೆಸ್ಯೂಮ್ ಎಂದರೆ ಇಷ್ಟೇ.

ಮಿಲ್ಲಿನಲ್ಲಿ ಮಧುಮತಿ ಎಂಬ ಅಧಿಕಾರಿ ಅದನ್ನು ಓದಿ, ನಿಜವಾಗಿಯೂ ಒಂದು ಥಾನು ಬಟ್ಟೆ ತರಿಸಿದಳಂತೆ. ಅವರ ಯಂತ್ರ ಐದು ದೋಷ ಹಿಡಿದಿತ್ತು. ಶಿವಗಂಗವ್ವ ಏಳು ಹಿಡಿದಳು. ಆದರೂ ಫೈಲಿಗೆ ಅನುಭವದ ಪತ್ರ ಬೇಕೇ ಬೇಕಂತೆ. ಸೋಮವಾರದೊಳಗೆ ತಂದರೆ ಕೆಲಸ, ಇಲ್ಲದಿದ್ದರೆ ಮೇಲಿನವರು ಒಪ್ಪುವುದು ಕಷ್ಟ ಎಂದು ಹೇಳಿ ಕಳಿಸಿದಳು. ಏಳು ದೋಷ ಕಣ್ಣಾರೆ ನೋಡಿದವರಿಗೂ ಕಾಗದವೇ ಬೇಕು! ಅಂಥ ಫೈಲಿಗೆ ಬೆಂಕಿ ಹಚ್ಚಬೇಕು.

ಸುದ್ದಿ ಓಣಿಯೆಲ್ಲ ಹರಡಿತು. ಸೋಮಲಿಂಗನಿಗೆ ಪತ್ರ ಕೊಟ್ಟರೂ ಮಾತು, ಕೊಡದಿದ್ದರೂ ಮಾತು. ರವಿವಾರ ಸಂಜೆ ಒಂದು ಅಚ್ಚಾದ ಪತ್ರ ಹಿಡಿದು, ಶಿವಗಂಗವ್ವ ಕೂತಿದ್ದ ನನ್ನ ಕಟ್ಟೆಗೇ ಬಂದ. ತೇರದಾಳದ ಒಬ್ಬ ಗೆಳೆಯನ ಬಟ್ಟೆ ಅಂಗಡಿಯದು. ಇವಳು ಅಲ್ಲಿ ಐದು ವರ್ಷ ಮೇಲ್ವಿಚಾರಕಿಯಾಗಿದ್ದಳು ಎಂದು ಬರೆದು, ಅಂಗಡಿಯ ಮೊಹರಿನ ಸಿಕ್ಕಾ ಒತ್ತಿ, ಸಹಿ ಮಾಡಿಸಿದ್ದ.

"ತಗೋ ಯವ್ವಾ. ನಿನ್ನ ಕೆಲಸಾನೂ ಆತು, ಮನಿ ಮರ್ಯಾದೀನೂ ಉಳೀತು."

ಖರೆ ಹೇಳುತ್ತೇನೆ, ತಗೋ ಎನ್ನುವ ಮಾತು ನನ್ನ ನಾಲಗೆಯ ತುದಿಗೂ ಬಂದಿತ್ತು. ನಾಳೆ ಬೆಳಗಾದರೆ ಸೋಮವಾರ. ಶಿವಗಂಗವ್ವ ಪತ್ರವನ್ನು ಪೂರ್ತಿ ಓದಿ, ಮಡಿಚಿ, ಅವನ ಕೈಗೇ ಕೊಟ್ಟಳು.

"ಬ್ಯಾಡ್ರಿ ಭಾವಾ. ನಾ ದುಡದಿದ್ದು ನಿಮ್ಮ ಮನ್ಯಾಗ, ಆ ಅಂಗಡಿ ಹೊಸ್ತಲಾ ಸೈತ ತುಳದಿಲ್ಲ. ಖರೆ ಬರೀತೀರಂದ್ರ ಹೇಳ್ರಿ, ಈಗ ಪೆನ್ನು ಕೊಡ್ತೀನಿ. ಇಲ್ಲಂದ್ರ ಇದನ್ನ ನೀವ ಇಟ್ಕೋರಿ. ನಾಳೆ ಬರೇ ಕೈಲೆ ಹೋಗ್ತೀನಿ. ಇಲ್ಲ ಅನ್ನೂದಿದ್ರ ಮಿಲ್ಲಿನವ್ರು ನನ್ನ ಮಾರಿ ನೋಡಿ ಅನ್ಲಿ. ಮತ್ತ ಕಾಕಾ, ನೀವೂ ಜೋಡಿ ಬರಬ್ಯಾಡ್ರಿ."