ಎಲೆಯ ಪಕ್ಕದ ಮೂರು ಬಾಟಲಿ

ಮಡಂತ್ಯಾರಿನಲ್ಲಿ ಸಂಜೀವನ ಮನೆಗೆ ಬಂದಿದ್ದೇನೆ. ಹಡಗಿನಲ್ಲಿ ನಾವಿಬ್ಬರೂ ಬಡಿಸುವ ಕೆಲಸದವರಾಗಿದ್ದೆವು. ಅವನು ಸತ್ತು ವರ್ಷವಾಯಿತು. ಇವತ್ತು ಅವನ ಹೆಸರಿನಲ್ಲಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸುತ್ತಾರೆ. ಕೋಳಿ ಸಾರು, ರೊಟ್ಟಿಯ ಪಕ್ಕ ಮೂರು ಬಗೆಯ ಲಾಗರ್ ಬಿಯರ್ ಕಂಡು ಬೆರಗಾದೆ. ಪಾನನಿರೋಧ ತೆಗೆದ ಮೇಲೆ ಮಂಗಳೂರಿನಲ್ಲಿ ಸಿಗುತ್ತದಂತೆ.

"ಹಳದಿ, ಕೆಂಪು, ಕಪ್ಪು, ಒಂದೊಂದಕ್ಕೆ ಒಂದೊಂದು ರುಚಿ ಉಂಟು ಅಂತ ಕಾಗದ ಬರೀತಿದ್ದ," ಎಂದರು ಅವನ ತಾಯಿ. ಮೂರರಲ್ಲೂ ಬೆರಳದ್ದಿ ನೆಕ್ಕಿ ಮುಖ ಕಿವುಚಿದರು. "ಎಲ್ಲ ಕಹಿಯೇ ಉಂಟಲ್ಲ! ಅವನಿಗೆ ಯಾವುದು ಇಷ್ಟ ಇತ್ತು?"

ಸಂಜೀವ ಒಂದು ಹನಿಯೂ ಕುಡಿದವನಲ್ಲ. ಬರೆದದ್ದೆಲ್ಲ ಹಡಗಿನ ಗಿರಾಕಿಗಳ ಮಾತು.

ನಾನು ಕಪ್ಪು ಬಿಯರ್ ತೋರಿಸಿದೆ. ಲೋಟ ತುಂಬಿಸಿ ಎಲೆಯ ಪಕ್ಕ ಇಟ್ಟ ತಾಯಿ, ಸಂಜೀವನಿಗೇ ಎಂಬಂತೆ ಎಲೆಯತ್ತ ಬಾಗಿ ಮೆಲ್ಲನೆ ಹೇಳಿದರು: "ತಂಪಿಲ್ಲ ಮಗಾ, ಹೇಗಾದರೂ ಸುಧಾರಿಸು."