ಅಂಗಾಲಿಗೆ ಕೇಳುತ್ತಿದ್ದ ಮಗ್ಗ

ಅಣ್ಣ ಸಾಯುವ ಹಿಂದಿನ ದಿನ ಮಧ್ಯಾಹ್ನ ನಾನು ಮಗ್ಗದಲ್ಲೇ ತೂಕಡಿಸಿದೆ. ಮುದ್ದೆ ಉಂಡು ಕೂತಿದ್ದೆ. ಲಾಳಿ ಕೈಯಲ್ಲೇ ಉಳಿದು ಕಣ್ಣು ಮುಚ್ಚಿಕೊಂಡಿತ್ತು. ಎರಡು ಮನೆ ಆಚೆಯಿಂದ ಅವನು ಎದ್ದು ಬಂದು ಬಾಗಿಲಲ್ಲಿ ನಿಂತ.

"ಏನ್ಲೇ, ಹೊಟ್ಟೆ ಭಾರ ಆತಾ?"

"ನಿಂಗ್ಯಾರು ಹೇಳಿದ್ರು?"

"ಬಂಡೆ ಹೇಳ್ತು. ನಿನ್ ಕಾಲು ನಿಂತು ಹತ್ನಿಮಿಷ ಆತು. ಏಳು, ಮುಖ ತೊಳ್ಕೋ."

"ನಿನ್ ಕುಂಟಗಾಲಿನ ಸದ್ದಿಗೇ ನಿದ್ದೆ ಬರೋದು ಕಣಣ್ಣ. ತೊಟ್ಲು ತೂಗಿದಂಗೈತೆ."

ಅವನು ನಕ್ಕು, ನಾನು ನೇಯುತ್ತಿದ್ದ ಸೀರೆಯ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಒಂದು ಎಳೆ ಸಡಿಲವಾಗಿದೆ ಎಂದ. ಚಾ ಕುಡಿದು ಹೋದ. ಆ ದಿನದಲ್ಲಿ ಮತ್ತೇನೂ ಇರಲಿಲ್ಲ.

ಬಂಡೆ ಹೇಳಿತು ಎಂದು ಅವನು ಅಂದದ್ದು ನಮ್ಮ ಬೀದಿಯಲ್ಲಿ ನಿಜವೇ ಆಗಿತ್ತು. ಮೊಳಕಾಲ್ಮೂರಿನಲ್ಲಿ ನಮ್ಮ ಬೀದಿ ಗುಡ್ಡದ ಬುಡಕ್ಕೆ ಅಂಟಿಕೊಂಡಿದೆ. ಅದು ನೆಟ್ಟಗೆ ಹೋಗುವುದಿಲ್ಲ. ಬಂಡೆ ಚಾಚಿದ ಕಡೆ ಸರಿದು, ಬಂಡೆ ಹಿಂದೆಗೆದ ಕಡೆ ಅಗಲವಾಗುತ್ತದೆ. ನಮ್ಮ ಸಾಲಿನ ಮನೆಗಳಿಗೆ ಯಾರೂ ಹಿಂಗೋಡೆ ಕಟ್ಟಿಲ್ಲ. ಗುಡ್ಡದಿಂದ ಇಳಿದ ಒಂದೇ ಹಾಸುಬಂಡೆ ಎಲ್ಲ ಮನೆಗಳಿಗೂ ಹಿಂಗೋಡೆ. ಒಲೆಯಿದ್ದ ಕಡೆ ಕಪ್ಪಾಗಿದೆ, ದೇವರಿದ್ದ ಕಡೆ ಸುಣ್ಣ ಬಳಿದಿದೆ. ಅದೇ ಬಂಡೆ ನೆಲದ ಅಡಿಯಲ್ಲೂ ಹಾದುಹೋಗಿದೆ. ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯನ್ನು ಅಜ್ಜನ ಕಾಲದವರು ಬಂಡೆ ಸಿಗುವವರೆಗೆ ತೋಡಿ, ಅಲ್ಲಿಗೆ ನಿಲ್ಲಿಸಿ, ಕಂಬಗಳನ್ನು ಬಂಡೆಯ ಮೇಲೇ ಊರಿದ್ದರು.

ತುಳಿಹಲಗೆಯ ಮೇಲೆ ಬೆರಳು, ಬಂಡೆಯ ಮೇಲೆ ಹಿಮ್ಮಡಿ ಇಟ್ಟು ನೇಯುವುದು ನಮ್ಮ ರೂಢಿ. ಮೂರು ತಲೆಮಾರು ಉಜ್ಜಿ ಉಜ್ಜಿ ನಮ್ಮ ಗುಂಡಿಯ ತಳದಲ್ಲಿ ಎರಡು ನುಣುಪಾದ ಕುಳಿ ಬಿದ್ದಿವೆ. ನನ್ನ ಹಿಮ್ಮಡಿ ಅವುಗಳಲ್ಲಿ ಅಚ್ಚು ಹಾಕಿದಂತೆ ಕೂರುತ್ತದೆ. ಕಾಲಿಗೆ ತಕ್ಕಂತೆ ಕಲ್ಲು ಸವೆಯಿತೋ, ಕಲ್ಲಿಗೆ ತಕ್ಕಂತೆ ಕಾಲು ಬೆಳೆಯಿತೋ ಎಂದು ಸಣ್ಣವನಿದ್ದಾಗ ಯೋಚಿಸುತ್ತಿದ್ದೆ.

ಹೀಗಾಗಿ ಯಾರ ಮನೆಯಲ್ಲಿ ಮಗ್ಗ ಬಡಿದರೂ ಬಂಡೆಯ ಮೂಲಕ ಉಳಿದವರ ಅಂಗಾಲಿಗೆ ಬರುತ್ತಿತ್ತು. ಕಿವಿಗಿಂತ ಕಾಲಿಗೆ ಮೊದಲು ತಿಳಿಯುತ್ತಿತ್ತು. ಅಣ್ಣನದು ಎಲ್ಲರಿಗೂ ಗುರುತು. ಹುಡುಗನಾಗಿದ್ದಾಗ ಗುಡ್ಡದಿಂದ ಬಿದ್ದು ಅವನ ಬಲಮೊಣಕಾಲು ಕೆಟ್ಟಿತ್ತು. ಎಡಗಾಲಿನದು ಗಟ್ಟಿ ಪೆಟ್ಟು, ಬಲಗಾಲಿನದು ಹಗುರ. ಗಟ್ಟಿ, ಹಗುರ; ಗಟ್ಟಿ, ಹಗುರ.

ಮಾರನೆಯ ದಿನ ಅತ್ತಿಗೆ ನೆಂಟರ ಮನೆಯ ನಾಮಕರಣಕ್ಕೆಂದು ಬೆಳಿಗ್ಗೆ ಎಂಟಕ್ಕೇ ಸಿದ್ದಾಪುರಕ್ಕೆ ಹೋಗಿದ್ದರು. ಹತ್ತು ಗಂಟೆಯ ಹೊತ್ತಿಗೆ ಅಣ್ಣನ ಪೆಟ್ಟು ನಿಂತಿತು. ಚಾ ಕಾಸಿಕೊಳ್ಳುತ್ತಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಗಟ್ಟಿ, ಹಗುರ. ನನಗೆ ಸಮಾಧಾನವಾಯಿತು ಎಂದು ಹೇಳುವುದೂ ತಪ್ಪು; ನಾನು ಅದರ ಕಡೆ ಗಮನವನ್ನೇ ಕೊಡಲಿಲ್ಲ. ಮಧ್ಯಾಹ್ನ ಒಂದರವರೆಗೂ ಅದು ಬರುತ್ತಲೇ ಇತ್ತು. ನಾನೂ ನೇಯುತ್ತಲೇ ಇದ್ದೆ.

ಒಂದು ಗಂಟೆಗೆ ಅತ್ತಿಗೆ ಬಂದು ಬಾಗಿಲು ತೆಗೆದರು. ಅವರ ಕೂಗು ಕೇಳಿ ಓಡಿದೆ. ಅಣ್ಣ ಮಗ್ಗದ ಮೇಲೆ ಬಾಗಿ ಮಲಗಿದಂತಿದ್ದ. ಕೆನ್ನೆ ಸೀರೆಯ ಮೇಲಿತ್ತು. ಕೈ ಮುಟ್ಟಿದೆ, ತಣ್ಣಗಿತ್ತು. ವೈದ್ಯರು ನೋಡಿ, ಎದೆಬಡಿತ ನಿಂತು ಎರಡು ಮೂರು ತಾಸಿನ ಮೇಲಾಗಿದೆ ಎಂದರು.

ಮಣ್ಣು ಮಾಡಿ ಬಂದ ಸಂಜೆ ಅತ್ತಿಗೆ ನನ್ನನ್ನು ಕೇಳಿದರು. ದನಿ ಏರಿಸಲಿಲ್ಲ.

"ನಿಂಗೆ ಗೊತ್ತಾಗ್ಲಿಲ್ಲೇನಪ್ಪ? ನೀನು ತೂಕಡಿಸಿದ್ರೆ ಅವ್ರು ಎದ್ದು ಬರ್ತಿದ್ರಲ್ಲ."

ಬಡಿತ ಬರುತ್ತಲೇ ಇತ್ತು ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಮಗ್ಗದ ಮೇಲಿನ ಸೀರೆಯನ್ನು ತೋರಿಸಿದರು. ಬೆಳಿಗ್ಗೆ ಹೊರಡುವಾಗ ಸೆರಗಿನ ಹೂವೊಂದು ಮುಗಿದಿತ್ತಂತೆ. ಅದರ ಮುಂದೆ ಎರಡು ಬೆರಳಷ್ಟು ಮಾತ್ರ ನೇಯ್ದಿತ್ತು. ಅದು ಹತ್ತರವರೆಗಿನ ಕೆಲಸ. ಹತ್ತರಿಂದ ಒಂದರವರೆಗೆ ಒಂದು ಎಳೆಯೂ ಕೂಡಿರಲಿಲ್ಲ.

ಬಂಡೆಯ ಮೇಲ್ಭಾಗದಲ್ಲಿ ಯಾರೋ ಮನೆ ಕಟ್ಟಲು ಜಾಗ ಮಾಡಿಸುತ್ತಿದ್ದರು. ಬಂಡೆ ಕೊರೆಯುವ ಟ್ರ್ಯಾಕ್ಟರ್ ಅಲ್ಲಿ ನಿಂತಿತ್ತು. ಅದರದೇ ಸದ್ದಿರಬೇಕು ಎಂದು ನನ್ನ ಮನಸ್ಸು ಹಿಡಿದುಕೊಂಡಿತು. ಹೋಗಿ ಅದರ ಡ್ರೈವರನ್ನು ಕೇಳಿದೆ.

"ಅವತ್ತು ನಾನು ರಾಂಪುರದಾಗೆ ಇದ್ದೆ ಅಣ್ಣಾ. ಗಾಡಿ ಇಲ್ಲೇ ನಿಂತಿತ್ತು, ಕೀಲಿ ನನ್ ಜೇಬಿನಾಗಿತ್ತು."

"ಬೇರೆ ಯಾರಾದ್ರೂ ಓಡಿಸಿರ್ಬೋದಾ?"

"ಅದನ್ನ ಸ್ಟಾರ್ಟ್ ಮಾಡೋಕೆ ನಂಗೇ ಅರ್ಧ ಗಂಟೆ ಬೇಕು. ಇನ್ಯಾರ್ ಓಡಿಸ್ತಾರೆ, ದೆವ್ವ ಬಂದು?" ಎಂದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಪಕ್ಕದ ಮನೆಗಳಲ್ಲೂ ಕೇಳಿದೆ. ಅಂದು ಆ ಹೊತ್ತಿನಲ್ಲಿ ಬೇರೆ ಯಾವ ಮಗ್ಗವೂ ನಡೆದಿರಲಿಲ್ಲ. ಅಣ್ಣನ ಪೆಟ್ಟು ನಿಮ್ಮ ಕಾಲಿಗೆ ಬಂದಿತ್ತೇ ಎಂದು ಕೇಳಿದರೆ, ಯಾರೂ ಗುಂಡಿಯಲ್ಲಿ ಕಾಲಿಟ್ಟಿರಲಿಲ್ಲ. ಸಾಕ್ಷಿಗೆ ಇದ್ದದ್ದು ನನ್ನ ಎರಡು ಕಾಲು ಮಾತ್ರ.

ತಿಂಗಳು ಕಳೆದ ಮೇಲೆ ಅತ್ತಿಗೆಯೇ ಒಂದು ಬೆಳಿಗ್ಗೆ ಬಂದು, "ನೀನು ನಿನ್ ಗುಂಡಿಯಾಗೆ ಕೂತ್ಕೋ. ನಾನು ಅವ್ರ ಮಗ್ಗ ಬಡೀತೀನಿ" ಎಂದರು. ಕೂತೆ. ಅವರ ಪೆಟ್ಟು ಬಂತು. ಎರಡು ಕಾಲೂ ಒಂದೇ ಸಮ, ಹಕ್ಕಿ ಕುಪ್ಪಳಿಸಿದಷ್ಟು ಹಗುರ. ಆಮೇಲೆ ಬೇಕೆಂದೇ ಎಡಗಾಲನ್ನು ಒತ್ತಿ ತುಳಿದರು. ಆದರೂ ಅದು ಅವರದೇ ಎಂದು ಗೊತ್ತಾಗುತ್ತಿತ್ತು.

"ಅವತ್ತಿಂದು ಹಿಂಗೇ ಇತ್ತಾ?" ಬಾಗಿಲಿಗೆ ಬಂದು ಕೇಳಿದರು.

"ಇಲ್ಲ ಅತ್ತಿಗೆಮ್ಮ. ಅದು ಅಣ್ಣನ ಕಾಲೇ."

ಅವರು ಹೊಸ್ತಿಲ ಮೇಲೆ ಕೂತರು. ಕೂತಲ್ಲಿಂದಲೇ ಕೇಳಿದರು: "ಹಂಗಾದ್ರೆ ಅವ್ರು ನಿನ್ ಕರೀತಿದ್ರೋ, ನೀ ಬರಬ್ಯಾಡ ಅಂತಿದ್ರೋ?"

ಆ ಪ್ರಶ್ನೆಗಾಗಿಯೇ ನಾನು ಆಮೇಲೆ ದಿನವೂ ಕೂತೆ. ಲಾಳಿ ಕೈಯಲ್ಲಿ ಹಿಡಿದು, ನೇಯದೆ, ಹಿಮ್ಮಡಿ ಊರಿ ಕಾಯುತ್ತಿದ್ದೆ. ಆ ಬಡಿತ ಇನ್ನೊಮ್ಮೆ ಬಂದರೆ ಎದ್ದು ಓಡಬೇಕು ಎಂದಷ್ಟೇ ಇತ್ತು. ಎರಡು ಸಲ ಏನೋ ಬಂದಂತಾಗಿ ಎದ್ದೆ. ಅಣ್ಣನ ಮನೆಯಲ್ಲಿ ಮಗ್ಗದ ಮೇಲೆ ಬಟ್ಟೆ ಮುಚ್ಚಿತ್ತು. ಬಟ್ಟೆ ಅಲ್ಲಾಡುತ್ತಿರಲಿಲ್ಲ. ಗುಂಡಿಯೊಳಗೆ ಕೈಯಿಟ್ಟು ನೋಡಿದೆ. ಅವನ ಹಿಮ್ಮಡಿಯ ಎಡಕುಳಿ ಬಲಕುಳಿಗಿಂತ ಒಂದು ಬೆರಳು ಆಳವಿತ್ತು. ಎರಡೂ ಬೆಚ್ಚಗಿದ್ದವು. ಬೇಸಿಗೆಯಲ್ಲಿ ನಮ್ಮ ಬಂಡೆ ಬೆಚ್ಚಗೇ ಇರುತ್ತದೆ.

ಹೋದ ಬೇಸಿಗೆಯ ಕೊನೆಗೆ ಮೇಲೆ ಮನೆ ಕಟ್ಟಿಸುತ್ತಿದ್ದವರು ಬಂಡೆಗೆ ಸಾಲಾಗಿ ತೂತು ಕೊರೆಸಿ, ನೀರು ಕೂಡಿದರೆ ಉಬ್ಬಿ ಕಲ್ಲು ಸೀಳುವ ಪುಡಿ ತುಂಬಿಸಿದರು. ಮೂರನೆಯ ದಿನ ಸಂಜೆ ಅದು ಸದ್ದಿಲ್ಲದೆ ಬಿರಿಯಿತು. ಬಿರುಕು ಮೇಲಿನಿಂದ ಇಳಿದು ನಮ್ಮ ಮನೆಗೂ ಅಣ್ಣನ ಮನೆಗೂ ನಡುವೆ ನೆಲಕ್ಕೆ ಹೋಯಿತು. ಬೀಡಿಯೊಂದು ತೂರುವಷ್ಟು ಅಗಲ, ಅಷ್ಟೆ. ಅದರ ಮಾರನೆಯ ದಿನದಿಂದ ಆಚೆಯ ಮನೆಗಳ ಬಡಿತ ನನ್ನ ಕಾಲಿಗೆ ಬರುವುದು ನಿಂತಿದೆ.

ಅತ್ತಿಗೆ ಈಗ ಆ ಮಗ್ಗದಲ್ಲಿ ಕೂತು ನೇಯುತ್ತಾರೆ. ಎದುರಾದಾಗ ಊಟ ಆಯಿತೇ ಎಂದು ಕೇಳುತ್ತಾರೆ. ಆಯಿತು ಎಂದು ಹೇಳಿ ಬಂದು, ಅಣ್ಣ ಕರೆದನೋ ಬರಬೇಡ ಎಂದನೋ ತಿಳಿಯಲೆಂದು ಮತ್ತೆ ಗುಂಡಿಯಲ್ಲಿ ಹಿಮ್ಮಡಿ ಊರಿ ಕೂರುತ್ತೇನೆ.