ಮುಂಗೋಳಿ ಹಾಕಿಕೊಟ್ಟ ಬೀಟಾ

ನಮ್ಮ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಅವನನ್ನು ಎಲ್ಲರೂ ಮುಂಗೋಳಿ ಎಂದೇ ಕರೆಯುತ್ತಿದ್ದೆವು. ಬೆಳಕು ಹರಿಯುವ ಮುಂಚೆ ಕೂಗಿಬಿಡುವ ಕೋಳಿಯ ಹಾಗೆ, ಯಾವ ಹೊಸ ವಸ್ತು ಬಂದರೂ ಅದು ಎಲ್ಲರಿಗಿಂತ ಮೊದಲು ಅವನ ಕೈಯಲ್ಲಿರಬೇಕಿತ್ತು. ಹೊಸ ನಮೂನೆಯ ಟಾರ್ಚು, ಹೊಸ ಅಂಟು, ಗ್ರೀಸು ಹತ್ತಿದ ಕೈಗೆ ಹೊಸ ಸಾಬೂನು, ಎಲ್ಲವನ್ನೂ ಮೊದಲು ತಂದು ತೋರಿಸುತ್ತಿದ್ದವನು ಅವನೇ. ಹೆಸರಿಟ್ಟದ್ದು ನಮ್ಮ ಮೇಸ್ತ್ರಿ. ಎಲ್ಲದರಲ್ಲೂ ಮುಂದಿರುವ ನೀನು ಮದುವೆಯೊಂದರಲ್ಲಿ ಯಾಕೆ ಹಿಂದೆ ಬಿದ್ದೆ ಎಂದು ನಾವು ರೇಗಿಸಿದರೆ, ಅದರದ್ದು ಇನ್ನೂ ಸುಧಾರಿಸಿದ ಆವೃತ್ತಿ ಬರಲಿ ಎಂದು ಕಾಯುತ್ತಿದ್ದೇನೆ ಎಂದು ಅವನೇ ಮೊದಲು ನಗುತ್ತಿದ್ದ.

ಅವನಿಗೆ ಇದ್ದವರು ಇಬ್ಬರೇ. ಒಬ್ಬಳು ಅಕ್ಕ, ಇನ್ನೊಬ್ಬಳು ಅಕ್ಕನ ಮಗಳು. ತಂದೆ ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅಕ್ಕ ಹೊಲಿಗೆ ಕಲಿತು ಅವನನ್ನು ಸಾಕಿದಳು, ಕೆಲಸ ಕಲಿಸಲು ಕಳಿಸಿದಳು, ಆಮೇಲೆ ತಾನು ಮದುವೆಯಾದಳು. ಗಂಡ ಬಹಳ ಕಾಲ ಉಳಿಯಲಿಲ್ಲ. ಮಗಳು ಓದಿ, ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಇನ್ನೊಂದು ಊರಿನ ಶಾಲೆಯಲ್ಲಿ ಲೆಕ್ಕದ ಮೇಡಂ ಆದಳು. ಅಕ್ಕ ಬೀದಿಗೆ ತೆರೆದುಕೊಂಡ ಒಂದು ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು, ಹಳೆಯ ಬಟ್ಟೆ ಬಿಗಿ ಮಾಡುವುದು, ಸಡಿಲ ಬಿಡುವುದು, ಕೋಟಿನ ಅಸ್ತರು ಬದಲಿಸುವುದು ಇಂಥ ಕೆಲಸ ಮಾಡುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಅವಳ ವಾಸ. ಮುಂಗೋಳಿ ಅದೇ ಬೀದಿಯ ಕೊನೆಯಲ್ಲಿ ಬಾಡಿಗೆಗೆ ಇದ್ದ. ಊಟಕ್ಕೆ ಮಾತ್ರ ಅಕ್ಕನ ಮನೆ.

ಅಕ್ಕನಿಗೆ ಚಿಕ್ಕ ವಯಸ್ಸಿನಿಂದಲೇ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಂಡೇ ಬದುಕಬೇಕಾದ ಬಗೆಯದು. ಮೊದಲೆಲ್ಲ ಸಕ್ಕರೆ ಇಳಿದರೆ ಕೈ ನಡುಗುತ್ತಿತ್ತು, ಬೆವರು ಕಿತ್ತುಕೊಂಡು ಬರುತ್ತಿತ್ತು. ಅವಳು ಎದ್ದು ಸಿಹಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ವರ್ಷಗಳು ಕಳೆದಂತೆ ಮೈ ಆ ಸುಳಿವು ಕೊಡುವುದನ್ನೇ ಬಿಟ್ಟಿತು. ಕೂತಲ್ಲೇ ಮಂಕಾಗಿ ಒರಗಿಬಿಡುವಂತಾಯಿತು. ಆಗ ಡಾಕ್ಟರು ತೋಳಿಗೆ ಗುಂಡಿಯಂಥ ಒಂದು ಸಾಧನ ಅಂಟಿಸಿದರು. ಅದು ಸಕ್ಕರೆಯ ಮಟ್ಟವನ್ನು ಫೋನಿಗೆ ಕಳಿಸುತ್ತದೆ. ಮಟ್ಟ ಇಳಿದರೆ ಫೋನು ಬೀದಿಗೆ ಕೇಳುವಷ್ಟು ಜೋರಾಗಿ ಕೂಗುತ್ತದೆ. ಅದೇ ಅಂಕಿ ಮಗಳ ಫೋನಿಗೂ ಹೋಗುತ್ತದೆ. ಅಕ್ಕ ಆ ಕೂಗಿಗೆ ಅತ್ತೆಮ್ಮ ಎಂದು ಹೆಸರಿಟ್ಟಿದ್ದಳು. ಗಿರಾಕಿಗಳ ಮುಂದೆ ಅದು ಅರಚಿಕೊಂಡರೆ, ಅತ್ತೆಮ್ಮ ಕರೀತಿದ್ದಾರೆ ತಾಳಿ ಎಂದು ಒಳಗೆ ಹೋಗಿ ಸಕ್ಕರೆ ನೀರು ಕುಡಿದು ಬರುತ್ತಿದ್ದಳು.

ಇನ್ನು ಬೀಟಾದ ಮಾತು. ಫೋನಿನ ಕಂಪನಿಯವರು ಹೊಸ ಸಾಫ್ಟ್‌ವೇರ್ ಎಲ್ಲರಿಗೂ ಬಿಡುವ ಮೊದಲು, ಇನ್ನೂ ಪೂರ್ತಿಯಾಗದ ಪ್ರತಿಯನ್ನು ಇಷ್ಟವಿದ್ದವರಿಗೆ ಕೊಡುತ್ತಾರೆ. ಬಳಸಿ ನೋಡಿ, ಎಲ್ಲಿ ಕೆಡುತ್ತದೋ ಬರೆದು ತಿಳಿಸಿ ಎನ್ನುತ್ತಾರೆ. ಆ ಅರೆಬೆಂದ ಪ್ರತಿಯೇ ಬೀಟಾ. ಮುಂಗೋಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಅವನು ಅದಕ್ಕೆ ಸೇರಿಕೊಂಡ ಮೇಲೆ ಅವನ ಫೋನು ಒಂದು ದಿನವೂ ನೆಟ್ಟಗಿರಲಿಲ್ಲ. ಬೆಳಿಗ್ಗೆ ಬಿಸಿಯಾಗುತ್ತಿತ್ತು, ಮಧ್ಯಾಹ್ನಕ್ಕೆ ಚಾರ್ಜು ಮುಗಿಯುತ್ತಿತ್ತು. ಒಮ್ಮೆ ಅವನು ಲಿಫ್ಟಿನ ಕೆಳಗಿನ ಹಳ್ಳದೊಳಗೆ ಇಳಿದಿದ್ದಾಗ ಕರೆಯೇ ಹೋಗದೆ, ಮೇಸ್ತ್ರಿ ಮೇಲಿನ ಮಹಡಿಯಿಂದ ಗಂಟಲು ಹರಿಯುವಂತೆ ಕೂಗಬೇಕಾಯಿತು. ಅವನು ಮಾತ್ರ ಪ್ರತಿಯೊಂದು ದೋಷವನ್ನೂ ಸಾವಧಾನವಾಗಿ ಬರೆದು ಕಳಿಸುತ್ತಿದ್ದ. ಯಾಕೋ ಇಷ್ಟು ಪಾಡು ಎಂದು ನಾನು ಕೇಳಿದ್ದಕ್ಕೆ ಅವನು ಹೇಳಿದ ಮಾತು ನೆನಪಿದೆ. ಲಿಫ್ಟ್ ನಿಂತಾಗ ಮಾತ್ರ ಜನ ನಮ್ಮ ಕಡೆ ತಿರುಗುತ್ತಾರೆ, ಅದೂ ಬೈಯುವುದಕ್ಕೆ. ಇವರು ನಾನು ಬರೆದದ್ದನ್ನು ಓದಿ ಸರಿಪಡಿಸುತ್ತಾರೆ, ಧನ್ಯವಾದ ಬೇರೆ ಹೇಳುತ್ತಾರೆ ಎಂದಿದ್ದ.

ಕಾಯಿಲೆ ಅಕ್ಕನ ಕಣ್ಣನ್ನೂ ತಿನ್ನತೊಡಗಿತ್ತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಅವಳಿಗೆ ಕಾಣುತ್ತಿರಲಿಲ್ಲ. ಅದೇ ಸಮಯಕ್ಕೆ ಬಂದ ಬೀಟಾದಲ್ಲಿ ಫೋನಿನ ಕ್ಯಾಮೆರಾವನ್ನೇ ಭೂತಗನ್ನಡಿ ಮಾಡುವ ಹೊಸ ಸೌಲಭ್ಯವಿತ್ತು. ಕಪ್ಪಿನ ಮೇಲಿನ ಕಪ್ಪನ್ನೂ ಅದು ಎಳೆ ಎಳೆಯಾಗಿ ಬಿಡಿಸಿ ತೋರಿಸುತ್ತಿತ್ತು. ಮುಂಗೋಳಿ ಒಂದು ಭಾನುವಾರ ಸ್ಟ್ಯಾಂಡು ಸಮೇತ ಬಂದು, ಅಕ್ಕನ ಫೋನಿಗೆ ಹಾಕಿಕೊಡುತ್ತೇನೆಂದು ಕೂತ. ಅಕ್ಕ ಅನುಮಾನಿಸಿದಳು.

“ಎಲ್ಲರಿಗೂ ಬಂದ ಮೇಲೆ ನಂಗೂ ಬರುತ್ತಲ್ವೇನೋ?”

“ಬರುತ್ತೆ. ಅಷ್ಟರವರೆಗೆ ಕಣ್ಣು ಕಿತ್ಕೊಂಡು ಹೊಲೀತಾ ಕೂರ್ತೀಯಾ?”

ಹಾಕುವಾಗ ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ದಿನನಿತ್ಯ ನೆಚ್ಚಿಕೊಂಡ ಫೋನಿನಲ್ಲಿ ಇದನ್ನು ಹಾಕಬೇಡಿ ಎಂಬ ಮಾತು. ಅವನು ಅದನ್ನು ಎಷ್ಟೋ ಸಲ ನೋಡಿದ್ದ. ಓದದೆ ಒಪ್ಪಿಗೆ ಒತ್ತಿದ. ಆಮೇಲೆ ಅತ್ತೆಮ್ಮ ಕೂಗುತ್ತಾಳೋ ಇಲ್ಲವೋ ಎಂದು ಪರೀಕ್ಷೆಯನ್ನೂ ಮಾಡಿದ, ಕೂಗಿದಳು. ಅಕ್ಕ ಸೂಜಿಯ ಕೆಳಗಿನ ದಾರವನ್ನು ಪರದೆಯಲ್ಲಿ ಹಗ್ಗದಷ್ಟು ದಪ್ಪವಾಗಿ ಕಂಡು, ಬಾಯಿಯ ಮೇಲೆ ಕೈಯಿಟ್ಟುಕೊಂಡು ನಕ್ಕಳಂತೆ. ಮರುದಿನ ಕೆಲಸದಲ್ಲಿ ಅವನು ಆ ನಗುವನ್ನು ನಮಗೆ ಅಭಿನಯಿಸಿ ತೋರಿಸಿದ್ದ.

ಕೆಲವು ವಾರ ಎಲ್ಲವೂ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಬೀಟಾದ ಮುಂದಿನ ಪ್ರತಿ ತಾನಾಗಿಯೇ ಬಂದು ಫೋನಿನಲ್ಲಿ ಕೂತಿತು. ಹಾಗೆ ಬರುವುದನ್ನು ತಡೆಯುವ ಗುಂಡಿಯೊಂದಿದೆ. ಅದನ್ನು ಅವನು ಒತ್ತಿರಲಿಲ್ಲ. ಹೊಸ ಪ್ರತಿ ಬಂದದ್ದು ಅಕ್ಕನಿಗೆ ಗೊತ್ತಾಗಲಿಲ್ಲ. ಭೂತಗನ್ನಡಿ ಮೊದಲಿಗಿಂತ ಚುರುಕಾಗಿತ್ತು, ಅಷ್ಟೇ.

ಆ ಮಧ್ಯಾಹ್ನ ಒಬ್ಬ ಬ್ಯಾಂಡ್‌ನವನು, ತುತ್ತೂರಿ ಊದುವವನು, ತನ್ನ ಕಪ್ಪು ಕೋಟು ಒಯ್ಯಲು ಬಂದ. ಷಟರ್ ಅರ್ಧ ಎತ್ತಿತ್ತು. ಒಳಗೆ ಮಷಿನ್ ಓಡುವ ಸದ್ದು ಕೇಳುತ್ತಿತ್ತು. ಕೆಲಸ ನಡೆಯುತ್ತಿದೆ ಎಂದು ಅವನು ಹೊರಗೇ ನಿಂತು ಒಂದು ಸಿಗರೇಟು ಸೇದಿದ. ಸದ್ದು ಒಂದು ಕ್ಷಣವೂ ನಿಲ್ಲದ್ದನ್ನು ಕಂಡು ಬಗ್ಗಿ ಒಳಗೆ ಹೋದ. ಅಕ್ಕ ಮಷಿನ್ನಿನ ಮೇಲೆ ತಲೆಯಿಟ್ಟಿದ್ದಳು. ಅವಳ ಕಾಲು ಪೆಡಲನ್ನು ಒತ್ತಿಕೊಂಡೇ ಇತ್ತು. ಸೂಜಿ ಒಂದೇ ಜಾಗವನ್ನು ಚುಚ್ಚಿ ಚುಚ್ಚಿ ಕೋಟಿನ ತೋಳು ಗಂಟಾಗಿ ಹೋಗಿತ್ತು. ಸ್ಟ್ಯಾಂಡಿನ ಮೇಲಿನ ಫೋನು ಆ ಗಂಟನ್ನು ದೊಡ್ಡದಾಗಿ, ಸ್ಪಷ್ಟವಾಗಿ ತೋರಿಸುತ್ತಾ ಸುಮ್ಮನೆ ಬೆಳಗುತ್ತಿತ್ತು.

ಆಂಬುಲೆನ್ಸ್ ಕರೆಸಿದವನು ಅವನೇ. ಅದೇ ಹೊತ್ತಿಗೆ ಅಕ್ಕನ ಮಗಳು ಎರಡು ತರಗತಿಗಳ ನಡುವೆ ತನ್ನ ಫೋನು ನೋಡಿದ್ದಳಂತೆ. ಅಮ್ಮನ ಅಂಕಿ ಚೆನ್ನಾಗಿತ್ತು. ಅದು ಬೆಳಗಿನ ಅಂಕಿ ಎಂದು ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅವಳು ನೆಮ್ಮದಿಯಿಂದ ಫೋನನ್ನು ಚೀಲಕ್ಕೆ ಹಾಕಿ ಪಾಠಕ್ಕೆ ಹೋದಳು.

ಮುಂಗೋಳಿಗೆ ಸುದ್ದಿ ಬಂದಾಗ ನಾವಿಬ್ಬರೂ ಒಂದು ಆಫೀಸು ಕಟ್ಟಡದ ಮಾಳಿಗೆಯಲ್ಲಿ ಮೋಟಾರು ಬಿಚ್ಚಿಕೊಂಡು ಕೂತಿದ್ದೆವು. ನಾನೂ ಅವನ ಜೊತೆ ಆಸ್ಪತ್ರೆಗೆ ಹೋದೆ. ನರ್ಸು ಅಕ್ಕನ ಫೋನನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವನ ಕೈಗೆ ಕೊಟ್ಟಳು. ಅವನು ಅಲ್ಲೇ ನಿಂತು ತೆರೆದು ನೋಡಿದ. ಹೊಸ ಪ್ರತಿ, ಎಚ್ಚರಿಕೆ ಕೊಡಬೇಕಾದ ಆ್ಯಪನ್ನು ಹಿನ್ನೆಲೆಯಲ್ಲಿ ಸದ್ದಿಲ್ಲದೆ ಮುಚ್ಚಿಬಿಟ್ಟಿತ್ತು.

ರಾತ್ರಿ ಬಹಳ ಹೊತ್ತಾದ ಮೇಲೆ ಮಗಳು ಬಂದಳು. ಡಾಕ್ಟರ ಹತ್ತಿರ ಮಾತಾಡಿ ಹೊರಗೆ ಬಂದವಳು ಮಾಮನ ಮುಂದೆ ನಿಂತಳು. ಫೋನು ಯಾಕೆ ಕೂಗಲಿಲ್ಲ ಎಂಬುದು ಅವಳ ಮೊದಲ ಪ್ರಶ್ನೆ. ಮುಂಗೋಳಿ ಯಾವುದನ್ನೂ ಮುಚ್ಚಿಡಲಿಲ್ಲ. ನೆಲ ನೋಡುತ್ತಾ, ಭೂತಗನ್ನಡಿಯಿಂದ ಹಿಡಿದು ಒತ್ತದೆ ಬಿಟ್ಟ ಗುಂಡಿಯವರೆಗೆ ಎಲ್ಲವನ್ನೂ ಹೇಳಿದ. ಅವಳು ಕೂಗಾಡುತ್ತಾಳೆಂದು ನಾನು ಹೆದರಿದ್ದೆ. ಅವಳು ಮಕ್ಕಳಿಗೆ ಲೆಕ್ಕ ಕೇಳುವ ದನಿಯಲ್ಲೇ ಕೇಳಿದಳು.

“ಮಾಮ, ಹೊಸ ಲಿಫ್ಟ್ ಕೂರಿಸಿದಾಗ ಅದರೊಳಗೆ ಮೊದಲು ಏನು ಹಾಕ್ತೀರಾ?”

“ಮರಳಿನ ಮೂಟೆ.”

“ಜನ?”

“ಎಲ್ಲ ಸರಿಯಿದೆ ಅಂತ ಆದ್ಮೇಲೆ.”

“ನಮ್ಮಮ್ಮ ಮೂಟೆನಾ?”

ಅವಳು ತಿರುಗಿ ಒಳಗೆ ಹೋದಳು.

ಅವತ್ತೇ ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತು ಆ ದೋಷವನ್ನೂ ಬರೆದು ಕಳಿಸಿದ. ಇವನಿಗೆ ಹುಚ್ಚೇ ಅನಿಸಿತು ನನಗೆ, ಆದರೆ ತಡೆಯಲಾಗಲಿಲ್ಲ. ಅಕ್ಕನ ವಿಷಯವನ್ನೂ ಬರೆದಿದ್ದ. ಕಳಿಸಿದ ತಕ್ಷಣ ಉತ್ತರ ಬಂತು: ನಿಮ್ಮ ಸಹಕಾರಕ್ಕೆ ಧನ್ಯವಾದ, ನಿಮ್ಮಂಥವರಿಂದಲೇ ನಾವು ಉತ್ತಮಗೊಳ್ಳುತ್ತಿದ್ದೇವೆ. ಯಾವ ಮನುಷ್ಯನೂ ಬರೆಯದ ಉತ್ತರ ಅದು.

ಅಕ್ಕ ಸಾಯಲಿಲ್ಲ. ದಿನಗಳಾದ ಮೇಲೆ ಕಣ್ಣು ಬಿಟ್ಟಳು. ಆದರೆ ಮೆದುಳು ತೀರಾ ಹೊತ್ತು ಸಕ್ಕರೆಯಿಲ್ಲದೆ ಉಪವಾಸ ಬಿದ್ದಿತ್ತು, ಕಳೆದುಹೋದದ್ದು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟರು. ಬಲಗೈ ಮಡಚಿಕೊಂಡಿತು. ನಾಲಗೆಯಲ್ಲಿ ಬೆರಳೆಣಿಕೆಯ ಮಾತುಗಳು ಉಳಿದವು. ಮಗಳ ಮುಖ ಕೆಲವೊಮ್ಮೆ ಗುರುತು ಹತ್ತುತ್ತಿತ್ತು. ತಮ್ಮನನ್ನು ಮಾತ್ರ ಯಾವಾಗಲೂ ಅಪ್ಪ ಎಂದು ಕರೆಯುತ್ತಿದ್ದಳು. ಅವನು ತಿದ್ದಲು ಹೋಗುತ್ತಿರಲಿಲ್ಲ, ಏನಮ್ಮಾ ಎನ್ನುತ್ತಿದ್ದ.

ಅವನು ತನ್ನ ಬಾಡಿಗೆ ಕೋಣೆ ಬಿಟ್ಟು ಅಕ್ಕನ ಮನೆಗೆ ಬಂದ. ಮಷಿನ್ನನ್ನು ಗೋಡೆಗೆ ಸರಿಸಿ, ಮುಂದಿನ ಕೋಣೆಯಲ್ಲಿ ಅವಳ ಮಂಚ ಹಾಕಿದ. ಅವನು ಕೆಲಸಕ್ಕೆ ಬಂದಾಗ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದರು. ಸಕ್ಕರೆಯ ಎಚ್ಚರಿಕೆಗೆ ಈಗ ಫೋನಲ್ಲ, ಆ ಕೆಲಸಕ್ಕೆಂದೇ ಮಾಡಿದ ಬೇರೆ ಪುಟ್ಟ ಪೆಟ್ಟಿಗೆ. ಮಗಳು ವಾರದ ಕೊನೆಗೆ ಬರುತ್ತಿದ್ದಳು. ಮಾಮನ ಜೊತೆ ಔಷಧಿಯ ಮಾತು, ಊಟದ ಮಾತು, ಅಷ್ಟೇ. ಅಡುಗೆಮನೆಗೆ ಅವನು ಬಂದರೆ ಇವಳು ಹೊರಗೆ.

ಕೆಲಸದ ಜಾಗದಲ್ಲಿ ಅವನನ್ನು ಮುಂಗೋಳಿ ಎಂದು ಕರೆಯಲು ನಮಗೆ ನಾಲಗೆ ಏಳಲಿಲ್ಲ. ಅವನೂ ಯಾವ ಸುದ್ದಿಯನ್ನೂ ತರುತ್ತಿರಲಿಲ್ಲ. ಒಂದು ದಿನ ಮಾತ್ರ, ಬುತ್ತಿ ಬಿಚ್ಚುವಾಗ, ಫೋನು ತೆಗೆದು ಒಂದು ಸಾಲು ಗಟ್ಟಿಯಾಗಿ ಓದಿದ. ಕೆಲವು ಸಂದರ್ಭಗಳಲ್ಲಿ ಎಚ್ಚರಿಕೆಯ ಸದ್ದು ಕೇಳಿಸದಿರುತ್ತಿದ್ದ ತೊಂದರೆಯನ್ನು ನಿವಾರಿಸಲಾಗಿದೆ. ಹೊಸ ಪ್ರತಿಯ ಜೊತೆ ಬಂದ ವಿವರಣೆಯಲ್ಲಿ, ಬ್ಯಾಟರಿಯ ಮತ್ತು ವಾಲ್‌ಪೇಪರಿನ ಮಾತಿನ ನಡುವೆ ಆ ಸಾಲಿತ್ತು. ಓದಿ ಫೋನನ್ನು ಜೇಬಿಗೆ ಹಾಕಿಕೊಂಡು ಊಟ ಮುಂದುವರಿಸಿದ.

ಆಗ ನನಗೆ ತಿಳಿಯಿತು, ಅವನು ಬೀಟಾ ಬಿಟ್ಟಿರಲಿಲ್ಲ ಎಂದು. ಯಾರೋ ಎಸೆಯಬೇಕೆಂದಿದ್ದ ಹಳೆಯ ಫೋನೊಂದನ್ನು ಕೇಳಿ ತಂದಿದ್ದ. ಅದರಲ್ಲಿ ಸಿಮ್ ಇಲ್ಲ, ಯಾರ ನಂಬರೂ ಇಲ್ಲ. ಪ್ರತಿಯೊಂದು ಹೊಸ ಪ್ರತಿಯನ್ನೂ ಅದಕ್ಕೇ ಹಾಕಿ ನೋಡುತ್ತಿದ್ದ. ಹೊಸ ಬಣ್ಣ, ಹೊಸ ಚಿತ್ರ ಏನೂ ಅವನಿಗೆ ಬೇಕಿರಲಿಲ್ಲ. ಅಲಾರಂ ಕೂಗುತ್ತದೆಯೋ, ಚಾರ್ಜು ಕಮ್ಮಿಯಿದ್ದಾಗ, ಸದ್ದು ಅಡಗಿಸಿದ್ದಾಗ, ಬೇರೆ ಆ್ಯಪು ತೆರೆದಿದ್ದಾಗ ಕೂಗುತ್ತದೆಯೋ, ಅಷ್ಟನ್ನೇ ನೋಡುತ್ತಿದ್ದ.

ನಮ್ಮಲ್ಲಿಯ ವೆಲ್ಡರ್ ಒಮ್ಮೆ ಅವನನ್ನು ಕೇಳಿದ, ನಾನೂ ಬೀಟಾ ಹಾಕಿಕೊಳ್ಳಲೇ ಎಂದು. ಅವನು ಬೇಡ ಎಂದು ಗದರಲಿಲ್ಲ. ನಿನ್ನ ಹೆಂಡತಿ ತುಂಬು ಬಸುರಿ, ಅವಳು ಕರೆ ಮಾಡುವುದು ಯಾವ ಫೋನಿಗೆ ಎಂದು ಕೇಳಿದ. ಇದಕ್ಕೇ ಎಂದ ವೆಲ್ಡರ್. “ಹಾಗಾದ್ರೆ ಅದನ್ನ ಮುಟ್ಟಬೇಡ. ಕೆಟ್ಟರೆ ಯಾರಿಗೂ ಏನೂ ಆಗಲ್ಲ ಅನ್ನೋ ಫೋನಿದ್ರೆ ತಗೊಂಡು ಬಾ, ನಾನೇ ಹಾಕ್ಕೊಡ್ತೀನಿ” ಎಂದ. ವೆಲ್ಡರ್ ಮತ್ತೆ ಆ ಮಾತೆತ್ತಲಿಲ್ಲ.

ಆ ಹಳೆಯ ಫೋನು ಒಂದು ಶನಿವಾರ ಅಕ್ಕನ ಮಗಳ ಕಣ್ಣಿಗೆ ಬಿತ್ತು. ಅವನು ಅದನ್ನು ಹಿತ್ತಲಿನ ಕಟ್ಟೆಯ ಮೇಲಿಟ್ಟು ಅಲಾರಂ ಪರೀಕ್ಷೆ ಮಾಡುತ್ತಿದ್ದ. ನಾನು ಮಂಚದ ಗಾಲಿ ಸರಿಮಾಡಲು ಹೋಗಿದ್ದೆ. ಪರದೆಯ ಮೇಲಿನ ಬೀಟಾ ಎಂಬ ಪದ ನೋಡಿ ಅವಳ ಮುಖ ಕೆಂಪೇರಿತು. ಇನ್ನೂ ಇದರ ಚಟ ಹೋಗಿಲ್ಲವಲ್ಲ ನಿನಗೆ ಎಂದಳು. ಅವನು ಸಮಜಾಯಿಷಿ ಕೊಡಲು ಹೋಗಲಿಲ್ಲ. ಹೋದ ತಿಂಗಳು ಇದರಲ್ಲಿ ಇನ್ನೊಂದು ದೋಷ ಸಿಕ್ಕಿತು, ಕಿವಿಗೆ ಹಾಕುವ ತಂತಿ ಸಿಕ್ಕಿಸಿ ತೆಗೆದರೆ ಅಲಾರಂ ಸದ್ದೇ ಬರುತ್ತಿರಲಿಲ್ಲ, ಬರೆದೆ, ಎಲ್ಲರಿಗೂ ಬಿಡುವ ಮೊದಲು ಸರಿಮಾಡಿದರು ಎಂದ. ದನಿಯಲ್ಲಿ ಹೆಮ್ಮೆಯಿರಲಿಲ್ಲ. ಹೇಳಬೇಕಿತ್ತು, ಹೇಳಿದ, ಅಷ್ಟೇ.

ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ಯಾರಿಗೋ ಒಳ್ಳೇದಾಯ್ತು ಬಿಡು,” ಎಂದಳು. “ಅಮ್ಮಂಗಲ್ಲ.”

“ಅವಳಿಗಲ್ಲ,” ಎಂದ ಅವನು.

ಒಳಗಿನಿಂದ ಅಕ್ಕ ನರಳಿದಳು. ಹಾಸಿಗೆ ಒದ್ದೆಯಾಗಿತ್ತು. ಮಗಳು ಒಳಗೆ ಹೋಗಿ ಮಗ್ಗುಲು ತಿರುಗಿಸಲು ನೋಡಿದಳು, ಒಬ್ಬಳ ಕೈಲಾಗಲಿಲ್ಲ. ನಾನು ಏಳುವಷ್ಟರಲ್ಲಿ ಅವಳು ಹಿತ್ತಲಿನ ಕಡೆ ಕರೆದಳು. “ಮಾಮ, ಬಾ. ಆ ಕಡೆ ಹಿಡಿ.”

ಅವನು ಕೈ ತೊಳೆದುಕೊಂಡು ಬಂದ. ಇಬ್ಬರೂ ಸೇರಿ ಅಕ್ಕನನ್ನು ಎತ್ತಿ, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹಾಸಿದರು. ಅಕ್ಕ ಅವನನ್ನು ಅಪ್ಪ ಎಂದಳು. ಮಗಳು ದಿಂಬು ಸರಿಮಾಡಿ, ಒದ್ದೆ ಬಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದಳು.